ಹಳೆಯ ಗಣಕಯಂತ್ರದ ಶುಚೀಕರಣ ಮತ್ತು ವೇಗವರ್ಧನೆ

ಹಳೆಯ ಗಣಕಯಂತ್ರದ ಶುಚೀಕರಣ ಮತ್ತು ವೇಗವರ್ಧನೆ ಎಂಬುದು ಹಲವು ವರ್ಷಗಳ ಬಳಕೆಯ ನಂತರ ನಿಧಾನಗೊಂಡಿರುವ ವೈಯಕ್ತಿಕ ಗಣಕಯಂತ್ರವನ್ನು ಮತ್ತೆ ನಿತ್ಯದ ಬಳಕೆಗೆ ತಕ್ಕಂತೆ ಸಜ್ಜುಗೊಳಿಸುವ ಕೆಲಸಗಳನ್ನು ಒಟ್ಟಾಗಿ ಸೂಚಿಸುತ್ತದೆ. ಬೇಡದ ತಂತ್ರಾಂಶಗಳನ್ನು ತೆಗೆಯುವುದು, ಒಳಗೆ ಸೇರಿದ ಧೂಳನ್ನು ನಿವಾರಿಸುವುದು, ಸ್ಮೃತಿಯನ್ನು ಹೆಚ್ಚಿಸುವುದು, ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸುವುದು ಹಾಗೂ ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು ಇವುಗಳಲ್ಲಿ ಮುಖ್ಯವಾದವು. 2010ರ ದಶಕದಲ್ಲಿ ತಯಾರಾದ, ಹಾರ್ಡ್ ಡಿಸ್ಕ್ ಹೊಂದಿರುವ, ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುವ ಮೇಜಿನ ಗಣಕಗಳು ಮತ್ತು ಲ್ಯಾಪ್‌ಟಾಪ್‌ಗಳು ಇಂದು ಈ ಬಗೆಯ ದುರಸ್ತಿಗೆ ಹೆಚ್ಚಾಗಿ ಒಳಗಾಗುವ ಯಂತ್ರಗಳಾದ್ದರಿಂದ, ಈ ಲೇಖನವು ಮುಖ್ಯವಾಗಿ ಅವುಗಳನ್ನೇ ಕುರಿತದ್ದಾಗಿದೆ.

ಯಂತ್ರಕ್ಕೆ ವಯಸ್ಸಾದ ಕಾರಣ ಅದು ನಿಧಾನವಾಯಿತು ಎಂಬುದು ಸಾಮಾನ್ಯ ನಂಬಿಕೆ. ಇದು ಭಾಗಶಃ ಮಾತ್ರ ಸರಿ. ಪ್ರೊಸೆಸರ್ ಸ್ಫಟಿಕವೊಂದರ ಕಂಪನವನ್ನು ಆಧರಿಸಿದ ಗಡಿಯಾರದ ತಾಳಕ್ಕೆ ಕೆಲಸ ಮಾಡುತ್ತದೆ. ಹತ್ತು ವರ್ಷ ಕಳೆದರೂ ಆ ತಾಳವು ತಾನಾಗಿ ನಿಧಾನವಾಗುವುದಿಲ್ಲ. ಬದಲಾಗುವುದು ಅದರ ಮೇಲೆ ಬೀಳುವ ಹೊರೆ, ಅದಕ್ಕೆ ದತ್ತಾಂಶವನ್ನು ಒದಗಿಸುವ ಡಿಸ್ಕಿನ ಸ್ಥಿತಿ ಮತ್ತು ಅದರ ಶಾಖವನ್ನು ಹೊರಹಾಕುವ ಮಾರ್ಗ. ಆದ್ದರಿಂದ ಈ ಮೂರರಲ್ಲಿ ಯಾವುದು ಅಡ್ಡಿಯಾಗಿದೆ ಎಂಬುದನ್ನು ತಿಳಿಯದೆ ಕೈಗೊಳ್ಳುವ ಶುಚೀಕರಣದಿಂದ ಸಾಮಾನ್ಯವಾಗಿ ಹೆಚ್ಚಿನ ಪ್ರಯೋಜನವಾಗುವುದಿಲ್ಲ.

ಹಿನ್ನೆಲೆ

ಯಂತ್ರಾಂಶವು ವೇಗ ಪಡೆಯುವುದಕ್ಕಿಂತ ಹೆಚ್ಚು ಶೀಘ್ರವಾಗಿ ತಂತ್ರಾಂಶವು ಭಾರವಾಗುತ್ತ ಹೋಗುತ್ತದೆ ಎಂಬ ವಿಚಾರವನ್ನು ಸ್ವಿಟ್ಜರ್ಲೆಂಡಿನ ಗಣಕವಿಜ್ಞಾನಿ, ಪಾಸ್ಕಲ್ ಭಾಷೆಯ ಜನಕ ನಿಕ್ಲಾಸ್ ವಿರ್ಥ್ 1995ರಲ್ಲಿ ಬರೆದ ಲೇಖನವೊಂದರಲ್ಲಿ ಮುಂದಿಟ್ಟರು. ಇದು ವಿರ್ಥ್ ನಿಯಮ ಎಂದೇ ಹೆಸರಾಗಿದೆ. ವಿರ್ಥ್ ಅವರು ಈ ಮಾತಿನ ಶ್ರೇಯವನ್ನು ಮಾರ್ಟಿನ್ ರೈಸರ್ ಅವರಿಗೆ ಸಲ್ಲಿಸಿದ್ದಾರೆ.

ವಿಂಡೋಸ್‌ನ ಆವೃತ್ತಿಗಳಿಗೆ ಮೈಕ್ರೋಸಾಫ್ಟ್ ನಿಗದಿಪಡಿಸಿದ ಕನಿಷ್ಠ ಸ್ಮೃತಿಯ ಪ್ರಮಾಣವೇ ಇದಕ್ಕೆ ಉತ್ತಮ ನಿದರ್ಶನ. ವಿಂಡೋಸ್ 95ಕ್ಕೆ 4 ಮೆಗಾಬೈಟ್ ಸಾಕಾಗಿತ್ತು. ವಿಂಡೋಸ್ ಎಕ್ಸ್‌ಪಿಗೆ 64 ಮೆಗಾಬೈಟ್, ವಿಂಡೋಸ್ 7ರ 64 ಬಿಟ್ ಆವೃತ್ತಿಗೆ 2 ಗಿಗಾಬೈಟ್, ವಿಂಡೋಸ್ 11ಕ್ಕೆ 4 ಗಿಗಾಬೈಟ್ ಬೇಕಾಯಿತು. ಇವು ವ್ಯವಸ್ಥೆಯು ಆರಂಭವಾಗಲು ಬೇಕಾದ ಕನಿಷ್ಠ ಪ್ರಮಾಣಗಳೇ ಹೊರತು ನೆಮ್ಮದಿಯಿಂದ ಕೆಲಸ ಮಾಡಲು ಸಾಕಾಗುವವಲ್ಲ. 4 ಗಿಗಾಬೈಟ್ ಸ್ಮೃತಿಯೊಂದಿಗೆ 2012ರಲ್ಲಿ ಕೊಂಡ ಯಂತ್ರವು ಅಂದಿನ ಕೆಲಸಕ್ಕೆ ಧಾರಾಳವಾಗಿ ಸಾಲುತ್ತಿತ್ತು. ಅದೇ ಯಂತ್ರದಲ್ಲಿ ಇಂದಿನ ಬ್ರೌಸರ್ ತೆರೆದು ಹತ್ತು ಪುಟಗಳನ್ನು ಇರಿಸಿಕೊಂಡರೆ ಸ್ಮೃತಿ ಬಹುಪಾಲು ತುಂಬಿಹೋಗುತ್ತದೆ. ಯಂತ್ರ ಬದಲಾಗಿಲ್ಲ, ಅದರಿಂದ ಅಪೇಕ್ಷಿಸುವ ಕೆಲಸ ಬದಲಾಗಿದೆ.

ತಂತ್ರಾಂಶದ ಪರಿಷ್ಕರಣೆಯೇ ಯಂತ್ರವನ್ನು ನಿಧಾನಗೊಳಿಸಿದ ಪ್ರಸಂಗವೂ ಉಂಟು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಹಿರಂಗಗೊಂಡವು. ಅವುಗಳಿಂದ ರಕ್ಷಣೆ ನೀಡುವ ಪರಿಷ್ಕರಣೆಗಳು ಇಂಟೆಲ್‌ನ ಹ್ಯಾಸ್‌ವೆಲ್ ಹಾಗೂ ಅದಕ್ಕಿಂತ ಹಿಂದಿನ ಪ್ರೊಸೆಸರ್‌ಗಳ ವೇಗವನ್ನು ಹೊಸ ಪ್ರೊಸೆಸರ್‌ಗಳಿಗಿಂತ ಹೆಚ್ಚು ತಗ್ಗಿಸುತ್ತವೆ ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಅದೇ ತಿಂಗಳು ತಿಳಿಸಿತು.

ನಿಧಾನಗತಿಯ ಕಾರಣಗಳು

ಹಾರ್ಡ್ ಡಿಸ್ಕ್

2010ರ ದಶಕದ ಬಹುತೇಕ ಯಂತ್ರಗಳಲ್ಲಿ ಅತ್ಯಂತ ನಿಧಾನವಾದ ಭಾಗವೆಂದರೆ ಹಾರ್ಡ್ ಡಿಸ್ಕ್. ಇದು ಚಲಿಸುವ ಭಾಗಗಳುಳ್ಳ ಸಾಧನ. ಕಾಂತೀಯ ಲೇಪನವುಳ್ಳ ತಟ್ಟೆಗಳು ಮೇಜಿನ ಗಣಕಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಬಾರಿ, ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ 5400 ಬಾರಿ ಸುತ್ತುತ್ತವೆ. ದತ್ತಾಂಶದ ಒಂದು ತುಣುಕನ್ನು ಓದಬೇಕಾದರೆ ಮೊದಲು ಓದುವ ತಲೆಯು ಸರಿಯಾದ ಪಥಕ್ಕೆ ಸರಿಯಬೇಕು. ಅನಂತರ ಬೇಕಾದ ಭಾಗವು ಸುತ್ತಿಕೊಂಡು ತಲೆಯ ಕೆಳಗೆ ಬರುವವರೆಗೆ ಕಾಯಬೇಕು. 7200 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಹಿಡಿಯುವುದರಿಂದ ಸರಾಸರಿ ಕಾಯುವಿಕೆ ಅದರ ಅರ್ಧ, ಅಂದರೆ ಸುಮಾರು 4.2 ಮಿಲಿಸೆಕೆಂಡ್. ತಲೆ ಸರಿಯುವ ಕಾಲವನ್ನು 9 ಮಿಲಿಸೆಕೆಂಡ್ ಎಂದು ಹಿಡಿದರೆ ಒಂದು ತುಣುಕಿಗೆ ಒಟ್ಟು 13 ಮಿಲಿಸೆಕೆಂಡ್ ತಗಲುತ್ತದೆ.

ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆಯಾದ ಈ ಅವಧಿ ಅತ್ಯಲ್ಪವೆಂದು ತೋರಬಹುದು. ಆದರೆ ಡಿಸ್ಕಿನಲ್ಲಿ ಅಲ್ಲಲ್ಲಿ ಚದುರಿರುವ 10,000 ಚಿಕ್ಕ ತುಣುಕುಗಳನ್ನು ಒಂದಾದ ಮೇಲೊಂದರಂತೆ ಓದಬೇಕಾಗಿ ಬಂದಿದೆ ಎಂದು ಭಾವಿಸಿದರೆ, 13 ಮಿಲಿಸೆಕೆಂಡಿನ ಲೆಕ್ಕದಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯಲ್ಲಿ ಒಂದು ತುಣುಕಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕಾಗುವುದರಿಂದ ಅದೇ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಗುಂಡಿ ಒತ್ತಿ ಬಹಳ ಹೊತ್ತಿನ ನಂತರ ಯಂತ್ರ ಸಿದ್ಧವಾಗುವ ಅನುಭವದ ಮೂಲ ಬಹುಮಟ್ಟಿಗೆ ಇಲ್ಲಿದೆ. ದೊಡ್ಡ ಕಡತವೊಂದನ್ನು ಒಂದೇ ಸಮನೆ ಓದುವಾಗ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್‌ಗಿಂತ ಹೆಚ್ಚನ್ನು ಒದಗಿಸಬಲ್ಲದು. ಯಂತ್ರ ಆರಂಭವಾಗುವಾಗ ಅಥವಾ ತಂತ್ರಾಂಶ ತೆರೆಯುವಾಗ ನಡೆಯುವ ಓದು ಆ ಬಗೆಯದಲ್ಲ.

ಸ್ಮೃತಿಯ ಕೊರತೆ

ರ‍್ಯಾಮ್ ಎಂದು ಕರೆಯಲಾಗುವ ಸ್ಮೃತಿ ತುಂಬಿದಾಗ ಕಾರ್ಯಾಚರಣಾ ವ್ಯವಸ್ಥೆಯು ಸದ್ಯಕ್ಕೆ ಬೇಡವೆನಿಸಿದ ಭಾಗಗಳನ್ನು ಡಿಸ್ಕಿನಲ್ಲಿರುವ ಪೇಜ್ ಫೈಲ್ ಎಂಬ ಕಡತಕ್ಕೆ ಸಾಗಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ಸ್ಮೃತಿಯಿಂದ ದತ್ತಾಂಶ ದೊರೆಯಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ಹಾರ್ಡ್ ಡಿಸ್ಕಿನ 13 ಮಿಲಿಸೆಕೆಂಡ್ ಇದರ ಒಂದು ಲಕ್ಷ ಪಟ್ಟಿಗೂ ಅಧಿಕ. ಹೀಗಾಗಿ ಸ್ಮೃತಿಯ ಕೊರತೆಯೂ ಕೊನೆಗೆ ಡಿಸ್ಕಿನ ಮೇಲಿನ ಹೊರೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಯಂತ್ರವು ಕೆಲಕ್ಷಣ ಸ್ತಬ್ಧವಾಗುವುದು ಇದರ ಲಕ್ಷಣ.

ಶಾಖ

ಪ್ರೊಸೆಸರ್ ತನ್ನ ಉಷ್ಣತೆಯನ್ನು ತಾನೇ ಅಳೆದುಕೊಳ್ಳುತ್ತದೆ. ಅದು ನಿಗದಿತ ಮಿತಿಯನ್ನು, ಅನೇಕ ಪ್ರೊಸೆಸರ್‌ಗಳಲ್ಲಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಅನ್ನು, ಮುಟ್ಟಿದಾಗ ಸುಟ್ಟುಹೋಗದಿರಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಫ್ಯಾನಿನ ಹಿಂಬದಿಯ ಲೋಹದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹರಡಿದಾಗ, ಅಥವಾ ಪ್ರೊಸೆಸರ್ ಮತ್ತು ಶಾಖಹಾರಿಯ ನಡುವಿನ ಥರ್ಮಲ್ ಪೇಸ್ಟ್ ಒಣಗಿದಾಗ ಹೀಗಾಗುತ್ತದೆ. ಯಂತ್ರವು ಆರಂಭದಲ್ಲಿ ಚುರುಕಾಗಿದ್ದು ಅರ್ಧ ಗಂಟೆಯ ನಂತರ ಮಂದವಾಗುವುದಾದರೆ, ಫ್ಯಾನ್ ಸದಾ ಜೋರಾಗಿ ಸದ್ದು ಮಾಡುತ್ತಿದ್ದರೆ, ಕಾರಣ ಶಾಖವೇ ಆಗಿರುವ ಸಂಭವ ಹೆಚ್ಚು.

ಕಾರಣವನ್ನು ಗುರುತಿಸುವುದು

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್, ಸ್ಮೃತಿ ಮತ್ತು ಡಿಸ್ಕ್‌ಗಳ ಬಳಕೆಯನ್ನು ಕಾಣಬಹುದು. ಯಂತ್ರ ನಿಧಾನವಾಗಿರುವ ಹೊತ್ತಿನಲ್ಲಿಯೇ ಇದನ್ನು ನೋಡಬೇಕು. ಡಿಸ್ಕಿನ ಬಳಕೆ ಶೇಕಡಾ 100 ಎಂದಿದ್ದು, ವರ್ಗಾವಣೆ ಸೆಕೆಂಡಿಗೆ ಒಂದೆರಡು ಮೆಗಾಬೈಟ್ ಮಾತ್ರ ಇದ್ದರೆ ಹಾರ್ಡ್ ಡಿಸ್ಕ್ ಚದುರಿದ ತುಣುಕುಗಳನ್ನು ಹುಡುಕುತ್ತ ಅಲೆಯುತ್ತಿದೆ ಎಂದರ್ಥ. ಸ್ಮೃತಿಯ ಬಳಕೆ ಸದಾ ಶೇಕಡಾ 90ರ ಆಸುಪಾಸಿನಲ್ಲಿದ್ದರೆ ಕೊರತೆ ಅಲ್ಲಿದೆ. ಪ್ರೊಸೆಸರ್ ಪೂರ್ಣ ಹೊರೆಯಲ್ಲಿದ್ದೂ ಅದರ ಆವರ್ತನವು ಮೂಲ ವೇಗಕ್ಕಿಂತ ಬಹಳ ಕಡಿಮೆ ಇದ್ದರೆ ಶಾಖವನ್ನು ಶಂಕಿಸಬೇಕು. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮದಲ್ಲದ ಚಾರ್ಜರನ್ನು ಗುರುತಿಸಲಾಗದೆಯೂ ಹೀಗೆ ವೇಗ ತಗ್ಗಿಸಿಕೊಳ್ಳುತ್ತವೆ. ದುರಸ್ತಿ ಅಂಗಡಿಗೆ ಒಯ್ಯುವ ಮುನ್ನ ಮೂಲ ಚಾರ್ಜರ್ ಹಾಕಿ ನೋಡಿದರೆ ಖರ್ಚು ಉಳಿಯಬಹುದು.

ವಾರಕ್ಕೊಮ್ಮೆ ಮಾತ್ರ ತೆರೆಯುವ ಮನೆಯ ಗಣಕವು ನಿಧಾನವೆನಿಸಲು ಇನ್ನೊಂದು ಸರಳ ಕಾರಣವಿದೆ. ವಾರವಿಡೀ ಬಾಕಿಯಿದ್ದ ಪರಿಷ್ಕರಣೆ, ವೈರಸ್ ತಪಾಸಣೆ, ಕಡತಗಳ ಸೂಚಿ ತಯಾರಿಕೆ ಇತ್ಯಾದಿಗಳನ್ನು ಅದು ತೆರೆದ ಕೂಡಲೇ ಆರಂಭಿಸುತ್ತದೆ. ಒಂದೆರಡು ಗಂಟೆ ಚಾಲೂ ಇರಿಸಿ ಬಿಟ್ಟರೆ ಈ ಹೊರೆ ತಾನಾಗಿ ಇಳಿಯುತ್ತದೆ. ವಿಂಡೋಸ್ 8ರಿಂದ ಈಚೆಗೆ ಅನೇಕ ಯಂತ್ರಗಳಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯವಿರುವುದರಿಂದ ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ತಿರುಳು ಪೂರ್ಣವಾಗಿ ಮುಚ್ಚಿಕೊಳ್ಳದೆ ಡಿಸ್ಕಿನಲ್ಲಿ ಉಳಿಯುತ್ತದೆ ಎಂಬುದೂ ಗಮನಾರ್ಹ. ನಿಜವಾದ ಹೊಸ ಆರಂಭ ಬೇಕಿದ್ದರೆ ರೀಸ್ಟಾರ್ಟ್ ಆಯ್ಕೆಯನ್ನೇ ಬಳಸಬೇಕು.

ಇವೆಲ್ಲಕ್ಕಿಂತ ಮೊದಲು ಪರಿಶೀಲಿಸಬೇಕಾದದ್ದು ಡಿಸ್ಕಿನ ಆರೋಗ್ಯ. ಹಾರ್ಡ್ ಡಿಸ್ಕ್‌ಗಳು ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ ತಮ್ಮ ದೋಷಗಳ ಲೆಕ್ಕವನ್ನು ಇಟ್ಟುಕೊಂಡಿರುತ್ತವೆ. ಅದನ್ನು ಓದುವ ಉಚಿತ ತಂತ್ರಾಂಶಗಳಿವೆ. ಕೆಟ್ಟ ಭಾಗಗಳ ಬದಲಿಗೆ ಮೀಸಲು ಭಾಗಗಳನ್ನು ಬಳಸಿದ ಸಂಖ್ಯೆ ಏರುತ್ತಿದ್ದರೆ, ಅಥವಾ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ಅದು ನಿಧಾನವಾದದ್ದಲ್ಲ, ಸಾಯುತ್ತಿರುವುದು. ಅಂಥ ಡಿಸ್ಕನ್ನು ಶುಚಿಗೊಳಿಸಲು ತೊಡಗುವುದು ಅಪಾಯಕರ. ಪ್ರತಿಯೊಂದು ಹೆಚ್ಚುವರಿ ಓದು ಬರಹವೂ ಉಳಿದ ದತ್ತಾಂಶವನ್ನು ಅಪಾಯಕ್ಕೆ ಒಡ್ಡುತ್ತದೆ.

ಪ್ರತಿ ಉಳಿಸಿಕೊಳ್ಳುವುದು

ಯಾವುದೇ ಕ್ರಮಕ್ಕೆ ಮೊದಲು ಛಾಯಾಚಿತ್ರ, ದಾಖಲೆ, ಲೆಕ್ಕಪತ್ರ ಮುಂತಾದವುಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಅದೇ ಡಿಸ್ಕಿನ ಇನ್ನೊಂದು ವಿಭಾಗಕ್ಕೆ, ಅಂದರೆ ಸಿ ಡ್ರೈವಿನಿಂದ ಡಿ ಡ್ರೈವಿಗೆ, ನಕಲು ಮಾಡುವುದು ಪ್ರತಿ ಎನಿಸಿಕೊಳ್ಳುವುದಿಲ್ಲ. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಬ್ರೌಸರಿನಲ್ಲಿ ಉಳಿಸಿದ ಗುಪ್ತಪದಗಳು ಮತ್ತು ಡೆಸ್ಕ್‌ಟಾಪ್ ಮೇಲೆ ಹರಡಿರುವ ಕಡತಗಳು ಮರೆತುಹೋಗುವ ಸಂಭವ ಹೆಚ್ಚು. ಡಿಸ್ಕ್ ಬಿಟ್‌ಲಾಕರ್ ಮೂಲಕ ಗೂಢಲಿಪೀಕರಣಗೊಂಡಿದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು.

ಕರ್ನಾಟಕದ ಬಳಕೆದಾರರು ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕಾಗುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮತ್ತು ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತಗಳು ಯೂನಿಕೋಡ್ ಸಂಕೇತದಲ್ಲಿ ಇರುವುದಿಲ್ಲ. ಅವು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳಾಗಿ ಉಳಿದಿದ್ದು, ಸಂಬಂಧಪಟ್ಟ ಅಕ್ಷರಶೈಲಿ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತವೆ. ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದ ಮೇಲೆ ಆ ಅಕ್ಷರಶೈಲಿ ಇಲ್ಲದ ಕಾರಣ ವರ್ಷಗಟ್ಟಲೆ ಬರೆದ ಪತ್ರ, ನಡಾವಳಿ, ಹಸ್ತಪ್ರತಿಗಳು ಅರ್ಥವಿಲ್ಲದ ಚಿಹ್ನೆಗಳಂತೆ ಕಾಣಿಸಿ, ಕಡತ ಕೆಟ್ಟಿದೆ ಎಂದು ಅಳಿಸಿಬಿಡುವ ಸಂಭವವಿದೆ. ಆದ್ದರಿಂದ ಹಳೆಯ ಯಂತ್ರದ ಫಾಂಟ್ಸ್ ಕಡತಕೋಶದಿಂದ ಆ ಅಕ್ಷರಶೈಲಿಗಳನ್ನೂ ನಕಲು ಮಾಡಿಟ್ಟುಕೊಳ್ಳುವುದು, ಸಮಯವಿದ್ದರೆ ಪರಿವರ್ತಕ ಬಳಸಿ ಮುಖ್ಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳುವುದು ಅಗತ್ಯ. ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತು ಮತ್ತು ಅಂಕಿಗಳು ಕೆಲವೊಮ್ಮೆ ಪಲ್ಲಟಗೊಳ್ಳುವುದರಿಂದ ಮೂಲ ಕಡತವನ್ನು ಅಳಿಸಬಾರದು.

ತಂತ್ರಾಂಶದ ಶುಚೀಕರಣ

ಯಂತ್ರದೊಡನೆ ತಾವಾಗಿ ಆರಂಭವಾಗುವ ತಂತ್ರಾಂಶಗಳನ್ನು ಕಡಿಮೆ ಮಾಡುವುದು ಖರ್ಚಿಲ್ಲದೆ ಫಲ ನೀಡುವ ಮೊದಲ ಕ್ರಮ. ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರ್‌ನಲ್ಲಿಯೇ ಇದಕ್ಕೆ ಸ್ಟಾರ್ಟ್‌ಅಪ್ ಎಂಬ ಪುಟವಿದೆ. ಹಿಂದಿನ ಆವೃತ್ತಿಗಳಲ್ಲಿ ಎಂಎಸ್‌ಕಾನ್ಫಿಗ್ ಬಳಸಬೇಕಿತ್ತು. ಮುದ್ರಣಯಂತ್ರದ ಸಹಾಯಕ, ಸಂಗೀತ ತಂತ್ರಾಂಶ, ಸಂದೇಶ ತಂತ್ರಾಂಶ, ಹಲವು ಬಗೆಯ ಪರಿಷ್ಕರಣ ಸೂಚಕಗಳು ಇಲ್ಲಿ ಸಾಲುಗಟ್ಟಿರುತ್ತವೆ. ಇವನ್ನು ನಿಷ್ಕ್ರಿಯಗೊಳಿಸಿದರೆ ತಂತ್ರಾಂಶವು ಅಳಿಸಿಹೋಗುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಸ್ಪರ್ಶಫಲಕ, ಧ್ವನಿ ಮತ್ತು ಭದ್ರತೆಗೆ ಸಂಬಂಧಿಸಿದವನ್ನು ಮುಟ್ಟದಿರುವುದು ಒಳಿತು.

ಎರಡು ವೈರಸ್ ನಿರೋಧಕ ತಂತ್ರಾಂಶಗಳು ಒಂದೇ ಯಂತ್ರದಲ್ಲಿ ಇರಬಾರದು. ಪ್ರತಿಯೊಂದು ಕಡತವನ್ನೂ ಎರಡೂ ತಪಾಸಿಸಲು ಹೋಗಿ ಡಿಸ್ಕಿನ ಹೊರೆ ಹೆಚ್ಚುತ್ತದೆ. ವಿಂಡೋಸ್ 8ರಿಂದ ಡಿಫೆಂಡರ್ ವ್ಯವಸ್ಥೆಯ ಭಾಗವಾಗಿಯೇ ಬರುತ್ತದೆ. ಯಂತ್ರ ಕೊಂಡಾಗ ಜೊತೆಗೆ ಬಂದು, ಅವಧಿ ಮುಗಿದು, ಹಣ ಕೊಡುವಂತೆ ನೆನಪಿಸುತ್ತಿರುವ ನಿರೋಧಕವನ್ನು ತೆಗೆದುಹಾಕಿದರೆ ಡಿಫೆಂಡರ್ ತಾನಾಗಿ ಆ ಹೊಣೆಯನ್ನು ವಹಿಸಿಕೊಳ್ಳುತ್ತದೆ. ಬ್ರೌಸರಿನ ವಿಸ್ತರಣೆಗಳನ್ನೂ ಇದೇ ರೀತಿ ಪರಿಶೀಲಿಸಬೇಕು; ಇಂದು ಬಹುತೇಕರ ಕೆಲಸ ನಡೆಯುವುದು ಬ್ರೌಸರಿನೊಳಗೇ.

ತಾತ್ಕಾಲಿಕ ಕಡತಗಳನ್ನು ಅಳಿಸಲು ವಿಂಡೋಸ್‌ನಲ್ಲಿಯೇ ಡಿಸ್ಕ್ ಕ್ಲೀನಪ್ ಇದೆ. ವಿಂಡೋಸ್ 10ರಲ್ಲಿ ಸ್ಟೋರೇಜ್ ಸೆನ್ಸ್ ಸೇರಿಕೊಂಡಿತು. ಇದರಿಂದ ಜಾಗ ಸಿಗುತ್ತದೆ. ವೇಗ ಸಿಗುವುದು ಡಿಸ್ಕ್ ಬಹುತೇಕ ತುಂಬಿದ್ದಾಗ ಮಾತ್ರ. ಅರ್ಧ ಖಾಲಿಯಿರುವ ಡಿಸ್ಕಿನಿಂದ ಇನ್ನೂ 5 ಗಿಗಾಬೈಟ್ ತೆಗೆದರೆ ಬಳಕೆದಾರನಿಗೆ ಯಾವ ವ್ಯತ್ಯಾಸವೂ ತಿಳಿಯದು. ಬ್ರೌಸರಿನ ಕ್ಯಾಶೆಯನ್ನು ಪದೇ ಪದೇ ಅಳಿಸಿದರೆ ಪುಟಗಳ ಭಾಗಗಳನ್ನು ಮತ್ತೆ ಅಂತರಜಾಲದಿಂದ ತರಿಸಬೇಕಾಗಿ ಬಂದು ವೇಗ ಕುಗ್ಗುತ್ತದೆ. ಪ್ರೀಫೆಚ್ ಕಡತಕೋಶವನ್ನು ಖಾಲಿ ಮಾಡಬೇಕೆಂಬ ಜನಪ್ರಿಯ ಸಲಹೆಯೂ ಇಂಥದ್ದೇ. ತಂತ್ರಾಂಶಗಳನ್ನು ಬೇಗ ತೆರೆಯಲೆಂದು ವಿಂಡೋಸ್ ಸಂಗ್ರಹಿಸಿದ ಮಾಹಿತಿ ಅದರಲ್ಲಿರುತ್ತದೆ. ಅಳಿಸಿದರೆ ಅದು ಮತ್ತೆ ಮೊದಲಿನಿಂದ ಸಂಗ್ರಹಿಸಬೇಕು.

ಹಾರ್ಡ್ ಡಿಸ್ಕಿನಲ್ಲಿ ಒಂದೇ ಕಡತದ ತುಣುಕುಗಳು ಚದುರಿದ್ದರೆ ಅವನ್ನು ಒಂದೆಡೆ ಸೇರಿಸುವ ಕ್ರಿಯೆಗೆ ಡಿಫ್ರಾಗ್ಮೆಂಟೇಶನ್ ಎನ್ನುತ್ತಾರೆ. ವಿಂಡೋಸ್ ವಿಸ್ಟಾದಿಂದ ಇದು ನಿಗದಿತ ಕಾಲಕ್ಕೆ ತಾನಾಗಿ ನಡೆಯುತ್ತದೆ. ಎಸ್‌ಎಸ್‌ಡಿಯಲ್ಲಿ ಎಲ್ಲ ಸ್ಥಾನಗಳೂ ಹೆಚ್ಚುಕಡಿಮೆ ಸಮಾನ ದೂರದಲ್ಲಿರುವುದರಿಂದ ಈ ಕ್ರಿಯೆಯ ಲಾಭವಿಲ್ಲ. ಬದಲಿಗೆ ಅನಗತ್ಯ ಬರಹದಿಂದ ಅದರ ಆಯುಷ್ಯ ಸವೆಯುತ್ತದೆ. ಎಸ್‌ಎಸ್‌ಡಿಗೆ ಬೇಕಾದದ್ದು ಅಳಿಸಿದ ಭಾಗಗಳನ್ನು ಅದಕ್ಕೆ ತಿಳಿಸುವ ಟ್ರಿಮ್ ಎಂಬ ಆದೇಶ. ಇದು ವಿಂಡೋಸ್ 7ರಿಂದ ಲಭ್ಯವಿದೆ.

ವೇಗವರ್ಧಕ ತಂತ್ರಾಂಶಗಳ ವಿವಾದ

ಒಂದೇ ಗುಂಡಿ ಒತ್ತಿದರೆ ಗಣಕವು ಹೊಸದರಂತಾಗುತ್ತದೆ ಎಂಬ ಭರವಸೆಯೊಂದಿಗೆ ಅನೇಕ ತಂತ್ರಾಂಶಗಳು ಮಾರಾಟವಾಗುತ್ತವೆ. ಇವುಗಳಲ್ಲಿ ಬಹುಪಾಲು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ನೂರಾರು ದೋಷಗಳು ಕಂಡುಬಂದಿವೆ ಎಂದು ಕೆಂಪಕ್ಷರದಲ್ಲಿ ತೋರಿಸುತ್ತವೆ. ರಿಜಿಸ್ಟ್ರಿ ಎಂಬುದು ವ್ಯವಸ್ಥೆ ಮತ್ತು ತಂತ್ರಾಂಶಗಳ ಆಯ್ಕೆಗಳನ್ನು ಇರಿಸುವ ದತ್ತಸಂಚಯ. ಲಕ್ಷಾಂತರ ನಮೂದುಗಳಿರಬಹುದಾದ ಅದರಿಂದ ಕೆಲವು ನೂರನ್ನು ಅಳಿಸಿದರೆ ಗಮನಕ್ಕೆ ಬರುವಷ್ಟು ವೇಗ ಹೆಚ್ಚುವುದಿಲ್ಲ. ತಪ್ಪಾದುದನ್ನು ಅಳಿಸಿದರೆ ವ್ಯವಸ್ಥೆಯೇ ಆರಂಭವಾಗದಿರಬಹುದು. ರಿಜಿಸ್ಟ್ರಿ ಶುಚೀಕರಣ ಸಾಧನಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಲಿಖಿತವಾಗಿ ಸ್ಪಷ್ಟಪಡಿಸಿದೆ.

ಈ ಬಗೆಯ ತಂತ್ರಾಂಶಗಳಲ್ಲಿ ಅತ್ಯಂತ ಪ್ರಸಿದ್ಧವಾದ ಸಿಕ್ಲೀನರ್‌ನ 5.33 ಆವೃತ್ತಿಯಲ್ಲಿ 2017ರ ಆಗಸ್ಟ್‌ನಲ್ಲಿ ದಾಳಿಕೋರರು ದುರುದ್ದೇಶದ ಸಂಕೇತವನ್ನು ಸೇರಿಸಿದ್ದರು. ಅಧಿಕೃತ ತಾಣದಿಂದಲೇ ಹಂಚಿಕೆಯಾದ ಈ ಆವೃತ್ತಿಯು ಸುಮಾರು 22.7 ಲಕ್ಷ ಯಂತ್ರಗಳನ್ನು ಸೇರಿತ್ತೆಂದು ಸೆಪ್ಟೆಂಬರ್‌ನಲ್ಲಿ ಬಹಿರಂಗವಾಯಿತು. ಅಮೆರಿಕದಲ್ಲಿ ಆಫೀಸ್ ಡಿಪೋ ಮಳಿಗೆಗಳು ಮತ್ತು ಸಪೋರ್ಟ್ ಡಾಟ್ ಕಾಂ ಸಂಸ್ಥೆಯ ವಿರುದ್ಧ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ಆರೋಪ ಬೇರೆ ಬಗೆಯದು. ಉಚಿತ ತಪಾಸಣೆಯ ಹೆಸರಿನಲ್ಲಿ, ಯಂತ್ರದಲ್ಲಿ ದೋಷವಿದೆಯೋ ಇಲ್ಲವೋ ಎಂಬುದನ್ನು ಲೆಕ್ಕಿಸದೆ, ಕೆಲವು ಪ್ರಶ್ನೆಗಳಿಗೆ ಗ್ರಾಹಕರು ಹೌದು ಎಂದ ಮಾತ್ರಕ್ಕೆ ಸೋಂಕಿನ ಲಕ್ಷಣಗಳಿವೆ ಎಂದು ತೋರಿಸಿ ದುರಸ್ತಿ ಸೇವೆಯನ್ನು ಮಾರಲಾಗುತ್ತಿತ್ತು ಎಂದು ಅದು ಹೇಳಿತು. 2019ರ ಮಾರ್ಚ್‌ನಲ್ಲಿ ಎರಡೂ ಸಂಸ್ಥೆಗಳು ಒಟ್ಟು 3.5 ಕೋಟಿ ಡಾಲರ್ ಪಾವತಿಸಿ ಪ್ರಕರಣವನ್ನು ಇತ್ಯರ್ಥಪಡಿಸಿಕೊಳ್ಳಲು ಒಪ್ಪಿದವು.

ಭೌತಿಕ ಶುಚೀಕರಣ

ಮೇಜಿನ ಗಣಕವನ್ನು ತೆರೆಯುವ ಮುನ್ನ ವಿದ್ಯುತ್ ತಂತಿಯನ್ನು ಕಿತ್ತು, ಚಾಲನೆಯ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಕೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಚಿಪ್‌ಗಳಿಗೆ ಹಾನಿ ಮಾಡಬಲ್ಲದಾದ್ದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಆರಂಭಿಸುವುದು ರೂಢಿ. ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಅದರ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಸ್ಥಿರವಿದ್ಯುತ್ತನ್ನು ಉಂಟುಮಾಡುವುದರಿಂದ ಯೋಗ್ಯವಲ್ಲ. ಒದ್ದೆ ಬಟ್ಟೆಯನ್ನು ಒಳಭಾಗಕ್ಕೆ ಬಳಸಲೇಬಾರದು. ವಿದ್ಯುತ್ ಪೂರೈಕೆಯ ಡಬ್ಬಿಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ಹೊರಗಿನಿಂದ ಊದಬಹುದೇ ಹೊರತು ಬಿಚ್ಚಬಾರದು. ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಪ್ರಮಾಣದ ವಿದ್ಯುತ್ತು ಉಳಿದಿರುತ್ತದೆ.

ಥರ್ಮಲ್ ಪೇಸ್ಟ್ ಬದಲಿಸುವಾಗ ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ಣವಾಗಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟನ್ನು ಹಾಕಿದರೆ ಸಾಕು. ತೇವಾಂಶ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡಿನ ಪ್ರದೇಶಗಳಲ್ಲಿ ರ‍್ಯಾಮ್ ಪಟ್ಟಿಯ ಸಂಪರ್ಕ ಬಿಂದುಗಳ ಮೇಲೆ ಮಾಲಿನ್ಯ ಕೂರುವುದರಿಂದ ಯಂತ್ರವು ಆರಂಭವಾಗದೆ ಬೀಪ್ ಸದ್ದು ಮಾಡುವುದುಂಟು. ಪಟ್ಟಿಯನ್ನು ತೆಗೆದು, ಸಂಪರ್ಕ ಬಿಂದುಗಳನ್ನು ಒರೆಸಿ, ಮತ್ತೆ ಕೂರಿಸಿದರೆ ಇದು ಅನೇಕ ಬಾರಿ ಸರಿಹೋಗುತ್ತದೆ. ದುರಸ್ತಿಗಾರರು ಇದಕ್ಕೆ ಪೆನ್ಸಿಲ್ ಅಳಿಸುವ ರಬ್ಬರ್ ಬಳಸುವುದು ಸಾಮಾನ್ಯವಾದರೂ, ಚಿನ್ನದ ಲೇಪನ ಸವೆಯದಂತೆ ಆಲ್ಕೊಹಾಲ್ ಬಳಸುವುದೇ ಮೇಲು.

ದಿನಾಂಕವು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯನ್ನು ಬದಲಿಸಬೇಕು. ದಿನಾಂಕ ತಪ್ಪಿದಾಗ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವೆನಿಸಿ ಜಾಲತಾಣಗಳು ತೆರೆಯುವುದಿಲ್ಲ. ಇದನ್ನು ಅಂತರಜಾಲದ ತೊಂದರೆಯೆಂದೋ ವೈರಸ್ ಎಂದೋ ತಪ್ಪು ತಿಳಿಯುವುದುಂಟು. ಲ್ಯಾಪ್‌ಟಾಪಿನ ಕೀಲಿಮಣೆ ಅಥವಾ ಸ್ಪರ್ಶಫಲಕ ಉಬ್ಬಿದಂತೆ ಕಂಡರೆ ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಚುಚ್ಚುವುದು, ಒತ್ತುವುದು, ಚಾರ್ಜ್ ಮಾಡುವುದು ಬೆಂಕಿಗೆ ಕಾರಣವಾಗಬಲ್ಲದು.

ಬಿಡಿಭಾಗಗಳ ಬದಲಾವಣೆ

ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸುವುದರಿಂದ ಆಗುವಷ್ಟು ವ್ಯತ್ಯಾಸ ಬೇರಾವ ಒಂದೇ ಕ್ರಮದಿಂದಲೂ ಸಾಮಾನ್ಯವಾಗಿ ಆಗುವುದಿಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿಯು ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿಯೇ, ಅದೇ ಸಂಪರ್ಕಕ್ಕೆ ಕೂರುತ್ತದೆ. ಹಳೆಯ ಯಂತ್ರದ ಸಾಟಾ ಸಂಪರ್ಕವು ಎರಡನೆಯ ಪೀಳಿಗೆಯದಾಗಿದ್ದು ಎಸ್‌ಎಸ್‌ಡಿಯ ಪೂರ್ಣ ವೇಗ ದೊರೆಯದಿದ್ದರೂ ಚಿಂತಿಸಬೇಕಾಗಿಲ್ಲ; ಮೇಲೆ ವಿವರಿಸಿದಂತೆ ಲಾಭವಿರುವುದು ಕಾಯುವಿಕೆ ತಪ್ಪುವುದರಲ್ಲಿ. ಇದಕ್ಕೆ ವಿರುದ್ಧವಾಗಿ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿಯನ್ನು ಕೊಳ್ಳುವ ಮುನ್ನ ಯಂತ್ರವು ಅದರಿಂದ ಆರಂಭವಾಗಬಲ್ಲದೇ ಎಂದು ಪರಿಶೀಲಿಸಬೇಕು. ನಂಬಲಾಗದಷ್ಟು ಅಗ್ಗದ ಬೆಲೆಗೆ ಹಲವು ಟೆರಾಬೈಟ್ ಎಂದು ಮಾರುವ ಡಿಸ್ಕ್‌ಗಳು ನಕಲಿಯಾಗಿದ್ದು, ತೋರಿಸಿದಷ್ಟು ಜಾಗ ಅವುಗಳಲ್ಲಿ ಇರುವುದಿಲ್ಲ. ತೆಗೆದ ಹಾರ್ಡ್ ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿ ಹೊರಕವಚಕ್ಕೆ ಹಾಕಿ ಪ್ರತಿ ಉಳಿಸಲು ಬಳಸಬಹುದು.

ಸ್ಮೃತಿಯನ್ನು 4ರಿಂದ 8 ಗಿಗಾಬೈಟ್‌ಗೆ ಏರಿಸುವುದು ಮುಂದಿನ ಕ್ರಮ. ಡಿಡಿಆರ್3 ಮತ್ತು ಡಿಡಿಆರ್4 ಪಟ್ಟಿಗಳು ಪರಸ್ಪರ ಹೊಂದುವುದಿಲ್ಲ, ಮೇಜಿನ ಗಣಕದ ಪಟ್ಟಿ ಲ್ಯಾಪ್‌ಟಾಪಿಗೆ ಆಗುವುದಿಲ್ಲ. ವಿಂಡೋಸ್‌ನ 32 ಬಿಟ್ ಆವೃತ್ತಿ ಇದ್ದರೆ 4 ಗಿಗಾಬೈಟ್‌ಗಿಂತ ಹೆಚ್ಚಿನ ಸ್ಮೃತಿ ಅದಕ್ಕೆ ಕಾಣಿಸುವುದೇ ಇಲ್ಲ. ಮೊದಲು 64 ಬಿಟ್ ಆವೃತ್ತಿಗೆ ಬದಲಾಗಬೇಕು. ಹಳೆಯ ಪೀಳಿಗೆಯ ರ‍್ಯಾಮ್ ಮತ್ತಿತರ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆ ಎಂದೇ ಪರಿಚಿತವಾದ ಸಾದರ ಪತ್ರಪ್ಪ ರಸ್ತೆಯಂಥ ಮಾರುಕಟ್ಟೆಗಳಲ್ಲಿ ಬಳಸಿದ ಸ್ಥಿತಿಯಲ್ಲಿಯೂ ದೊರೆಯುತ್ತವೆ. ಬಳಸಿದ ರ‍್ಯಾಮ್ ಕೊಳ್ಳುವುದರಲ್ಲಿ ಹೆಚ್ಚಿನ ತೊಂದರೆಯಿಲ್ಲ, ಬಳಸಿದ ಡಿಸ್ಕ್ ಕೊಳ್ಳುವುದು ಯುಕ್ತವಲ್ಲ.

ಕಾರ್ಯಾಚರಣಾ ವ್ಯವಸ್ಥೆಯ ಬೆಂಬಲ ಮತ್ತು ಬದಲಾವಣೆ

ಎಸ್‌ಎಸ್‌ಡಿ ಹಾಕುವಾಗ ಹಳೆಯ ಡಿಸ್ಕಿನ ಯಥಾಪ್ರತಿಯನ್ನು ವರ್ಗಾಯಿಸಬಹುದಾದರೂ, ವಿಂಡೋಸ್ ಅನ್ನು ಹೊಸದಾಗಿ ಸ್ಥಾಪಿಸಿದರೆ ವರ್ಷಗಳ ಅವಶೇಷಗಳು ಒಮ್ಮೆಗೇ ಹೋಗುತ್ತವೆ. ವಿಂಡೋಸ್ 8 ಅಥವಾ ನಂತರದ ಆವೃತ್ತಿಯೊಂದಿಗೆ ಬಂದ ಯಂತ್ರಗಳಲ್ಲಿ ಪರವಾನಗಿ ಕೀಲಿಯು ಮದರ್‌ಬೋರ್ಡಿನಲ್ಲಿಯೇ ಅಡಕವಾಗಿರುವುದರಿಂದ ಮತ್ತೆ ಕೊಳ್ಳಬೇಕಾಗಿಲ್ಲ.

ವೇಗಕ್ಕಿಂತ ಗಂಭೀರವಾದ ಪ್ರಶ್ನೆ ಭದ್ರತೆಯದು. ವಿಂಡೋಸ್ ಎಕ್ಸ್‌ಪಿಯ ಬೆಂಬಲವು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ರದು 2020ರ ಜನವರಿ 14ಕ್ಕೆ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 10ರ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಗಳನ್ನು ವಿಸ್ತರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು, ಅದಕ್ಕೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11 ಟಿಪಿಎಂ 2.0 ಚಿಪ್ ಹಾಗೂ ಇಂಟೆಲ್‌ನ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳನ್ನು ಅಪೇಕ್ಷಿಸುವುದರಿಂದ, ಎಸ್‌ಎಸ್‌ಡಿ ಹಾಕಿ ಚುರುಕಾದ 2014ರ ಯಂತ್ರವೂ ಅದಕ್ಕೆ ಅರ್ಹವಾಗುವುದಿಲ್ಲ. ಕೆಲಸಕ್ಕೆ ಶಕ್ತವಾದ ಯಂತ್ರವೊಂದು ಬೆಂಬಲದ ದಿನಾಂಕದಿಂದಲೇ ಹಳತಾಗುವ ಈ ಸ್ಥಿತಿಯು ಪರಿಸರವಾದಿಗಳ ಮತ್ತು ಬಳಕೆದಾರರ ಟೀಕೆಗೆ ಗುರಿಯಾಗಿದೆ.

ಇಂಥ ಯಂತ್ರಗಳಿಗೆ ಲಿನಕ್ಸ್ ಒಂದು ಮಾರ್ಗ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಮತ್ತು ಲುಬುಂಟು ಕಡಿಮೆ ಸ್ಮೃತಿಯಲ್ಲಿ ನಡೆಯುವಂತೆ ರೂಪುಗೊಂಡಿವೆ. ಪೆನ್‌ಡ್ರೈವಿನಿಂದಲೇ ಚಾಲನೆ ಮಾಡಿ, ವೈ-ಫೈ ಮತ್ತು ಧ್ವನಿ ಸರಿಯಾಗಿವೆಯೇ ಎಂದು ನೋಡಿದ ಮೇಲೆ ಸ್ಥಾಪಿಸಬಹುದು. ಕನ್ನಡ ಟೈಪಿಂಗ್‌ಗೆ ಅವುಗಳಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸವಿದ್ದು, ನುಡಿಯಲ್ಲಿ ಬಳಕೆಯಾಗುವ ಕೆಜಿಪಿ ವಿನ್ಯಾಸವನ್ನೂ ಅಳವಡಿಸಿಕೊಳ್ಳಬಹುದು. ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ 2022ರಿಂದ ಉಚಿತವಾಗಿ ಲಭ್ಯವಿದೆ. ಆದರೆ ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶವನ್ನೋ ವಿಂಡೋಸ್‌ಗಾಗಿಯೇ ಬರೆದ ಇತರ ತಂತ್ರಾಂಶವನ್ನೋ ನೆಚ್ಚಿಕೊಂಡ ಅಂಗಡಿ, ಕಚೇರಿಗಳಿಗೆ ಈ ಬದಲಾವಣೆ ಸುಲಭವಲ್ಲ. ಬೆಂಬಲ ಮುಗಿದ ವ್ಯವಸ್ಥೆಯಲ್ಲಿಯೇ ಮುಂದುವರಿಯಬೇಕಾಗಿ ಬಂದರೆ ಆ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸಿ, ಬ್ಯಾಂಕ್ ವ್ಯವಹಾರಕ್ಕೆ ಬೇರೆ ಸಾಧನ ಬಳಸುವುದು ಸುರಕ್ಷಿತ.

ವಿಲೇವಾರಿ

ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿ ಸೋರುತ್ತಿದ್ದರೆ, ಅಥವಾ ಯಂತ್ರವು 2 ಗಿಗಾಬೈಟ್‌ಗಿಂತ ಹೆಚ್ಚಿನ ಸ್ಮೃತಿಯನ್ನು ಸ್ವೀಕರಿಸದಿದ್ದರೆ, ಸಾಮಾನ್ಯವಾಗಿ ದುರಸ್ತಿಯ ವೆಚ್ಚ ವ್ಯರ್ಥ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಗಿ, ಅದರಲ್ಲಿ ಶೇಕಡಾ 22.3ರಷ್ಟು ಮಾತ್ರ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದ ದಾಖಲೆಯಿದೆ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ತಿಳಿಸುತ್ತದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯದ ಸಂಸ್ಕರಣೆಯನ್ನು ನೋಂದಾಯಿತ ಮರುಬಳಕೆದಾರರೇ ಮಾಡಬೇಕು. ಯಂತ್ರವನ್ನು ಕೊಡುವ ಮುನ್ನ ಡಿಸ್ಕನ್ನು ಹೊರತೆಗೆದಿಟ್ಟುಕೊಳ್ಳಬೇಕು, ಇಲ್ಲವೇ ಅದರ ದತ್ತಾಂಶವನ್ನು ಮರಳಿ ಪಡೆಯಲಾಗದಂತೆ ಅಳಿಸಬೇಕು. ಕಡತಗಳನ್ನು ರೀಸೈಕಲ್ ಬಿನ್‌ನಿಂದ ತೆಗೆಯುವುದಾಗಲಿ, ತ್ವರಿತ ಫಾರ್ಮ್ಯಾಟ್ ಆಗಲಿ ಇದಕ್ಕೆ ಸಾಲದು. ಹಾರ್ಡ್ ಡಿಸ್ಕಿನ ಮೇಲೆ ಪೂರ್ಣವಾಗಿ ಬೇರೆ ದತ್ತಾಂಶವನ್ನು ಬರೆಯಬೇಕು, ಎಸ್‌ಎಸ್‌ಡಿಯಾದರೆ ಅದರ ತಯಾರಕರು ಒದಗಿಸುವ ಸುರಕ್ಷಿತ ಅಳಿಸುವಿಕೆಯ ಆದೇಶವನ್ನು ಬಳಸಬೇಕು.